ಗೋರಿಗಳ ನಡುವಿನ ಚಪ್ಪರ

ಸತ್ತವರ ಹಾಸಿಗೆಯ ಬಟ್ಟೆಗೆ ಎರಡು ಕುದಿ ಬೇಕು. ಕಾಲರಾದಲ್ಲಿ ಸತ್ತವರದಾದರೆ ಮೂರು. ಬೂದಿಯ ಕ್ಷಾರದ ನೀರಿನಲ್ಲಿ ಅದ್ದಬೇಕು, ಕೋಲಿನಿಂದ ತಿರುವಬೇಕು, ಎತ್ತಿ ಕಲ್ಲಿಗೆ ಬಡಿಯಬೇಕು, ಮತ್ತೆ ಕುದಿಗೆ ಹಾಕಬೇಕು. ಹೋದೆಸಳ ಕೈಯಲ್ಲಿ ಚರ್ಮವೆಂಬುದು ಉಳಿದಿರಲಿಲ್ಲ. ಬೆರಳ ತುದಿಯಿಂದ ಮೊಣಕೈಯವರೆಗೆ ಸುಲಿದ ಕೆಂಪು ಮಾಂಸ. ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಆ ಕಾಲನ್ನು ನದಿಯ ಕಲ್ಲಿನ ಮೇಲಿಟ್ಟು, ಬಲಗಾಲನ್ನು ಕೆಸರಿನಲ್ಲಿ ಊರಿದರೆ ಎರಡೂ ಸಮವಾಗುತ್ತಿದ್ದವು. ಅವಳು ನೆಟ್ಟಗೆ ನಿಲ್ಲುತ್ತಿದ್ದುದು ಈ ಭೂಮಿಯಲ್ಲಿ ಅದೊಂದೇ ಜಾಗದಲ್ಲಿ.

ಹಿಂಡುವಾಗ ಬಟ್ಟೆಯ ಇನ್ನೊಂದು ತುದಿಯನ್ನು ಬಾಶ್ಕೆ ಹಿಡಿಯುತ್ತಿದ್ದಳು. ಅವಳಿಗೆ ಮಾತು ಬಾರದು. ಮೈ ಹದಿನೆಂಟರದು, ಬುದ್ಧಿ ಐದಾರರದು. ಇಬ್ಬರೂ ಮಲಗುತ್ತಿದ್ದುದು ಸ್ಮಶಾನದ ಬೇಲಿಗೆ ಹೊಂದಿಕೊಂಡ ಧರ್ಮಛತ್ರದಲ್ಲಿ, ಭಿಕ್ಷುಕರ ನಡುವೆ, ಒಂದೇ ಹುಲ್ಲಿನ ಹಾಸಿನ ಮೇಲೆ.

ಆ ಬೇಸಗೆಯಲ್ಲಿ ಯಹೂದಿಗಳ ಝಾಸ್ಲೊವೆಟ್ಸ್ ಪಟ್ಟಣದ ಒಂದು ಬೀದಿಯನ್ನೂ ಕಾಲರಾ ಬಿಟ್ಟಿರಲಿಲ್ಲ. ಝಾರ್ ಚಕ್ರವರ್ತಿಯ ಸರ್ಕಾರಿ ವೈದ್ಯ ಬಂದು ಬಾವಿಗಳಿಗೆ ಸುಣ್ಣ ಸುರಿದು ಹೋಗಿದ್ದ. ಉಪವಾಸಗಳಾದವು. ಕೀರ್ತನೆಗಳ ಪಾರಾಯಣವಾಯಿತು. ಹೆಂಗಸರು ಸ್ಮಶಾನದ ಸುತ್ತ ನೂಲು ಹಿಡಿದು ಅಳೆದು, ಆ ನೂಲನ್ನೇ ಬತ್ತಿಮಾಡಿ ಮೇಣದ ದೀಪ ಹಚ್ಚಿದರು. ಎಲುಲ್ ಮಾಸ ಹುಟ್ಟಿ, ಪಶ್ಚಾತ್ತಾಪದ ಕೊಂಬಿನ ದನಿ ಬೆಳಗು ಬೆಳಗೂ ಕೇಳತೊಡಗಿತು. ಹೆಣಗಳು ನಿಲ್ಲಲಿಲ್ಲ.

ಗುರುವಾರ ಮಧ್ಯಾಹ್ನ ಪ್ರಾರ್ಥನಾ ಮಂದಿರದ ಪಾರುಪತ್ಯಗಾರ ಫಾಯ್ವಿಷ್ ನದಿಗಿಳಿದು ಬಂದ. ಹಿಂದೆ ದೊಡ್ಡ ಮನೆತನದ ಇಬ್ಬರು ಹೆಂಗಸರು. ಮೂವರ ಮೂಗಿಗೂ ವಿನಿಗರ್‌ನಲ್ಲಿ ತೋಯಿಸಿದ ಕರವಸ್ತ್ರ. ಒಬ್ಬಳ ತೋಳ ಮೇಲೆ ಬಿಳಿಯ ಉಡುಪು.

"ಏಯ್ ಹೋದೆಸ್! ಕೈ ಒರೆಸ್ಕೊ. ಶುಭವಾಗ್ಲಿ!"

"ಯಾರಿಗೆ?"

"ನಿಂಗೇ ಕಣೇ. ಮಂಗಳವಾರ ನಿನ್ನ ಮದುವೆ."

ಹೋದೆಸ್ ಹಿಂಡುವುದನ್ನು ನಿಲ್ಲಿಸಲಿಲ್ಲ. "ಯಾರ ಜೊತೆ?"

"ನೋಖೆಮ್. ನೀರಿನ ನೋಖೆಮ್."

"ಎಲ್ಲಿ?"

ಫಾಯ್ವಿಷ್ ನದಿಯ ಆಚೆ ದಡ ನೋಡಿದ.

"ಎಲ್ಲಿ ಅಂತ ಕೇಳ್ದೆ."

"ಗೊತ್ತಿದ್ದೂ ಬಾಯಿ ಬಿಡಿಸ್ತೀಯಲ್ಲ. ಸ್ಮಶಾನದಲ್ಲಿ."

ದಿಕ್ಕಿಲ್ಲದ ಒಂದು ಹೆಣ್ಣಿಗೂ ದಿಕ್ಕಿಲ್ಲದ ಒಂದು ಗಂಡಿಗೂ ಊರೇ ಮುಂದೆ ನಿಂತು ಗೋರಿಗಳ ನಡುವೆ ಮದುವೆ ಮಾಡಿಸಿದರೆ, ಆ ಪುಣ್ಯಕ್ಕೆ ಮೇಲಿನವನ ಮನಸ್ಸು ಕರಗುತ್ತದೆ, ಮಾರಿ ಹಿಂದಿರುಗುತ್ತದೆ ಎಂದು ಊರು ನಂಬಿತ್ತು. ಹೋದೆಸಳಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಅವಳು ಅಂಥದೇ ಮದುವೆಯ ಮಗು. ಹಿಂದಿನ ಕಾಲರಾದಲ್ಲಿ ಒಕ್ಕಣ್ಣಿನ ತ್ಸಿರ್ಲ್ ಎಂಬ ಅಡುಗೆಯವಳನ್ನೂ ಗೂನುಬೆನ್ನಿನ ಒಬ್ಬ ತಿರುಕನನ್ನೂ ಹಿಡಿದು ತಂದು ಗೋರಿಗಳ ನಡುವೆ ನಿಲ್ಲಿಸಿದ್ದರು. ಊರು ಕುಣಿಯಿತು. ಕಾಲರಾ ಮಾತ್ರ ಚಳಿ ಬೀಳುವವರೆಗೂ ಹೋಗಲಿಲ್ಲ. ಆ ಜೋಡಿಯ ಪಾಪವೇ ಕಾರಣವೆಂದು ಅದೇ ಊರು ಹೇಳಿತು. ತ್ಸಿರ್ಲಳನ್ನು ಯಾವ ಅಡುಗೆಮನೆಯೂ ಮತ್ತೆ ಒಳಗೆ ಬಿಡಲಿಲ್ಲ. ಗಂಡ ಊರು ಬಿಟ್ಟವನು ಯಾವುದೋ ದಾರಿಯಲ್ಲಿ ಸತ್ತ. ಹುಟ್ಟಿದ ಮಗುವಿನ ಗಿಡ್ಡಗಾಲು ನೋಡಿ ಜನ ತಲೆಯಾಡಿಸಿದರು. ಕಾಲರಾ ಹೋದೆಸ್. ಅಂಗಡಿಯಲ್ಲಿ, ಬಾವಿಕಟ್ಟೆಯಲ್ಲಿ, ಮಂದಿರದ ಮೆಟ್ಟಿಲಲ್ಲಿ ಅದೇ ಅವಳ ಹೆಸರು.

ನಾಲ್ಕು ವರ್ಷದ ಹಿಂದೆ ಜೋಡು ಹೊಲಿಯುವ ಬೇರೆಲ್ ಅವಳನ್ನು ಕಟ್ಟಿಕೊಳ್ಳುತ್ತೇನೆಂದಿದ್ದ. ಬಡ ವಧುಗಳಿಗೆಂದು ಊರಿನಲ್ಲೊಂದು ನಿಧಿಯಿತ್ತು. ಹೋದೆಸ್ ಹೋಗಿ ಕೇಳಿದಳು. ಕಾಲರಾದ ಮಗಳಿಗೆ ಊರ ಬೀದಿಯಲ್ಲಿ ಚಪ್ಪರವೇಳಬಾರದೆಂದು ಹೇಳಿ ಕಳಿಸಿದವನು ಇದೇ ಫಾಯ್ವಿಷ್.

"ನನ್ನನ್ನ ಕೇಳಿದ್ದು ಯಾರು?" ಎಂದಳು ಹೋದೆಸ್.

"ಕೇಳೋದೇನಿದೆ? ಗಂಡ ಸಿಗ್ತಾನೆ, ಮನೆ ಸಿಗತ್ತೆ. ಊರಿಗೆ ಊರೇ ಬಂದು ಕುಣಿಯುತ್ತೆ. ಊರ ಹಿರಿಯರು ರೆಬ್ ಗೆಟ್ಸೆಲ್ ಅವರ ಮಗಳ ಮದುವೆಗೂ ಅಷ್ಟು ಜನ ಸೇರಲ್ಲ."

"ಹಂಗಾದ್ರೆ ಅವರ ಮಗಳಿಗೇ ಮಾಡ್ಸಿ."

ಉಡುಪು ಹಿಡಿದಿದ್ದವಳು ನೆಲಕ್ಕೆ ಮೂರು ಸಲ ಉಗಿದಳು. "ಥೂ, ಥೂ, ಥೂ! ನಿನ್ನ ನಾಲಿಗೆ ಬಿದ್ಹೋಗ್ಲಿ! ಹಾಸಿಗೆ ಒಗೆಯೋಳಿಗೆ ಎಷ್ಟು ಸೊಕ್ಕು ನೋಡೇ."

"ಅಮ್ಮಾ, ನಿಮ್ಮತ್ತೆ ಹಾಸಿಗೆನೂ ಇದರಲ್ಲೇ ಕುದೀತಿದೆ. ಬೇಕಾದ್ರೆ ಹಂಗೇ ತಗೊಂಡ್ಹೋಗಿ."

ಅವರು ಉಡುಪನ್ನು ಪೊದೆಯ ಮೇಲೆ ಹರಡಿ ಹೊರಟುಹೋದರು. ಬಾಶ್ಕೆ ಓಡಿಹೋಗಿ ಅದರ ಕಸೂತಿಗೆ ಕೆನ್ನೆಯೊತ್ತಿದಳು.

ಏರುದಾರಿಯಲ್ಲಿ ನೋಖೆಮ್ ಸಿಕ್ಕ. ಹೆಗಲ ಮೇಲೆ ನೊಗ, ಎರಡು ಕಡೆಗೂ ತುಂಬಿದ ಬಕೆಟ್ಟು. ಹಿಮ ಕಚ್ಚಿ ಉದುರಿದ ಒಂದು ಕಿವಿ. ಮೆಲ್ಲನೆ ನಡೆಯುವ, ಮೆಲ್ಲನೆ ಅರ್ಥಮಾಡಿಕೊಳ್ಳುವ ಭಾರೀ ಆಳು. ಇವಳನ್ನು ಕಂಡದ್ದೇ ಬಕೆಟ್ಟು ಇಳಿಸಿ, ತಲೆಯ ಮೇಲಿನ ಹೊಸ ಟೋಪಿಯನ್ನು ಸರಿಮಾಡಿಕೊಂಡ.

"ಫಾಯ್ವಿಷ್ ಕೊಟ್ಟ. ಸಬ್ಬತ್ತಿಗೆ ಅಂತ. ತಡಕೊಳ್ಳೋಕಾಗ್ಲಿಲ್ಲ, ಹಾಕ್ಕೊಂಡ್ಬಿಟ್ಟೆ."

"ಚೆನ್ನಾಗಿದೆ."

"ಹೋದೆಸ್, ನನ್ನನ್ನ ತೋರಾ ಓದಿಗೆ ಕರೀತಾರಂತೆ! ಮದುಮಗನ್ನ ಕರೀಬೇಕಲ್ಲ, ಹೆಸರು ಹಿಡಿದು. ಅಪ್ಪನ ಹೆಸರೇನೋ ಅಂದ ಫಾಯ್ವಿಷ್. ಗೊತ್ತಿದ್ರೆ ತಾನೆ? ನಾನು ಮಂದಿರದ ಮೆಟ್ಟಿಲ ಮೇಲೆ ಸಿಕ್ಕಿದವನು. ಹೋಗ್ಲಿ, ಅಬ್ರಹಾಮನ ಮಗ ಅಂತ ಕೂಗ್ತೀವಿ ಬಿಡು ಅಂದ. ಅಬ್ರಹಾಮನ ಮಗ ನೋಖೆಮ್!" ಆ ಹೆಸರನ್ನು ಅವನು ಬಿಸಿಯಾದುದೇನನ್ನೋ ಬಾಯಲ್ಲಿಟ್ಟುಕೊಂಡಂತೆ ಹೇಳಿದ. "ಇಷ್ಟು ವರ್ಷ ಮಂದಿರದ ಒಲೆ ಹಿಂದೆ ನಿಂತು ಬೇರೆಯವರ ಹೆಸರೇ ಕೇಳಿದೀನಿ."

"ನೋಖೆಮ್, ನಾನು ಒಪ್ಪಲ್ಲ."

ಅವನು ಬಕೆಟ್ಟಿನ ನೀರಿನಲ್ಲಿ ಮುಖ ನೋಡಿಕೊಂಡ. "ಕಿವಿ ನೋಡಿಯಾ?"

"ನಿನ್ನ ಕಿವಿಗೆ ನನ್ನ ಕಾಲು ಸಾಟಿ. ನೀನಾಗೇ ಬಂದು ಕೇಳಿದ್ರೆ ಏನಂತಿದ್ನೋ ಗೊತ್ತಿಲ್ಲ. ಮಾರಿಗೆ ಬಿಡೋ ಕುರಿ ಥರ ನಮ್ಮಿಬ್ಬರ ಕಾಲು ಕಟ್ಟಿ ತರೋದಕ್ಕೆ ನಾನು ಒಪ್ಪಲ್ಲ."

"ಮನೆ ಕೊಡ್ತಾರಂತೆ ಕಣೇ. ಒಲೆ ಇರೋ ಮನೆ. ಸ್ಮಶಾನದ ಗೇಟಿನ ಪಕ್ಕದ್ದು."

"ನಾನು ಹುಟ್ಟಿದ್ದು ಆ ಮನೇಲೇ," ಎಂದಳು ಹೋದೆಸ್.

ಶುಕ್ರವಾರ ಬೆಳಿಗ್ಗೆ ಅವಳು ಊರ ಧರ್ಮಗುರು ರಬ್ಬಿ ಅವಿಗ್ದೋರರ ಬಾಗಿಲಿಗೆ ಹೋದಳು. ಮುದುಕರು ಗ್ರಂಥಗಳ ನಡುವೆ ಒಂದು ಗೋಡೆಯಂತೆಯೇ ಕುಳಿತಿದ್ದರು. ಅವಳು ಹೊಸ್ತಿಲು ದಾಟಲಿಲ್ಲ.

"ಪ್ರಶ್ನೆ ಇತ್ತು, ರಬ್ಬಿಗಳೇ."

"ಕೋಳಿಯದ್ದಾ, ಪಾತ್ರೆಯದ್ದಾ ಮಗಳೇ?" ಹೆಂಗಸರು ತರುವ ಪ್ರಶ್ನೆಗಳು ಸಾಮಾನ್ಯವಾಗಿ ಅಡುಗೆಯ ಮಡಿ-ಮೈಲಿಗೆಯ ಆ ಎರಡೇ.

"ನನ್ನದು. ಹೆಣ್ಣು ಒಪ್ಪದಿದ್ರೆ ಮದುವೆ ಆಗುತ್ತಾ?"

ಅವರು ಕಣ್ಣಿನ ಮೇಲೆ ಕೈಯಿಟ್ಟುಕೊಂಡರು. ಉತ್ತರವನ್ನು ಹುಡುಕಬೇಕಾಗಿರಲಿಲ್ಲ. ಎಪ್ಪತ್ತು ವರ್ಷಗಳಿಂದ ಅವರ ಉಸಿರಾಟದಲ್ಲಿದ್ದ ವಾಕ್ಯವದು. "ಇಲ್ಲ. ಅವಳ ಮನಸ್ಸಿಲ್ಲದೆ ಅವಳನ್ನ ಯಾರೂ ವರಿಸೋಕಾಗಲ್ಲ. ಋಷಿಗಳು ಹಾಗೇ ವಿಧಿಸಿದ್ದಾರೆ."

"ಹಾಗಾದ್ರೆ ಅವರಿಗೆ ಅದನ್ನ ಹೇಳಿ."

"ಈ ತಿಂಗಳಲ್ಲಿ ಇಬ್ಬರು ಮೊಮ್ಮಕ್ಕಳನ್ನ ಮಣ್ಣು ಮಾಡಿದೆ, ಹೋದೆಸ್. ಅವರ ಹಾಸಿಗೆ ಒಗೆದವಳು ನೀನೇ. ಈ ಮದುವೆಯಿಂದ ರೋಗ ಹೋಗುತ್ತೆ ಅಂತ ನಾನು ನಂಬಲ್ಲ. ಹೋಗಲ್ಲ ಅಂತ ಊರ ಮುಂದೆ ನಿಂತು ಹೇಳೋ ಧೈರ್ಯ ನನಗಿಲ್ಲ."

ಅವಳ ಮೈಯ ಕ್ಷಾರದ ನೀರಿನ ವಾಸನೆ ಕೋಣೆಯೊಳಗೆ ಹರಡಿತು.

"ಇನ್ನೊಂದು ಪ್ರಶ್ನೆ. ಅನ್ಯಾಯ ಆದವರು ಮಂದಿರದಲ್ಲಿ ಓದು ನಿಲ್ಲಿಸಬಹುದಲ್ವಾ? ನ್ಯಾಯ ಕೇಳೋವರೆಗೂ ತೋರಾ ಓದೋ ಹಾಗಿಲ್ಲ ಅಂತ. ನಾನು ಚಿಕ್ಕವಳಿದ್ದಾಗ ಒಬ್ಬ ಗಾಡಿಯವನು ನಿಲ್ಲಿಸಿದ್ದ. ಹೆಂಗಸೂ ನಿಲ್ಲಿಸಬಹುದಾ?"

"ಪುರಾತನ ಪದ್ಧತಿ. ವಿಧವೆಯರು ನಿಲ್ಲಿಸಿದ್ದಾರೆ, ಅನಾಥೆಯರು ನಿಲ್ಲಿಸಿದ್ದಾರೆ. ಬೇಡ ಅನ್ನೋ ಅಧಿಕಾರ ನನಗಿಲ್ಲ."

"ಅಷ್ಟು ಸಾಕು."

ಶನಿವಾರ, ಸಬ್ಬತ್ತಿನ ವಿಶ್ರಾಂತಿಯ ದಿನ, ಮಂದಿರ ಕಿಕ್ಕಿರಿದಿತ್ತು. ಸಾವಿನ ಭಯ ಯಾರನ್ನೂ ಮನೆಯಲ್ಲಿ ಬಿಟ್ಟಿರಲಿಲ್ಲ. ಪೂರ್ವದ ಗೋಡೆಯ ಬಳಿ ಮರದ ವ್ಯಾಪಾರಿಗಳು, ಗಿರಣಿಯವರು, ನಡುವೆ ಅಂಗಡಿಯವರು, ಪಶ್ಚಿಮದಲ್ಲಿ, ಒಲೆಯ ಹಿಂದೆ, ಹಮಾಲಿಗಳು, ದರ್ಜಿಗಳು, ಛತ್ರದ ತಿರುಕರು. ಹೆಂಗಸರು ಮೇಲೆ, ಜಾಲಂಧ್ರದ ಆಚೆ. ಧರ್ಮಗ್ರಂಥವಾದ ತೋರಾದ ಸುರುಳಿಯನ್ನು ಪೆಟ್ಟಿಗೆಯಿಂದ ಹೊರತಂದು, ಮಖಮಲ್ಲಿನ ಹೊದಿಕೆ ತೆಗೆದು ಮೇಜಿನ ಮೇಲಿಟ್ಟರು. ಆ ವಾರದ ಪಾಠ ನ್ಯಾಯಾಧೀಶರನ್ನು ಕುರಿತದ್ದು. ನ್ಯಾಯವನ್ನು ಬೆನ್ನಟ್ಟಿ ಹಿಡಿಯಬೇಕೆಂದು, ಮುಖ ನೋಡಿ ಮಣೆ ಹಾಕಬಾರದೆಂದು ಆಜ್ಞಾಪಿಸುವ ಪಾಠ. ಪ್ರತಿ ವರ್ಷವೂ ಎಲುಲ್ ಮಾಸದ ಮೊದಲ ಸಬ್ಬತ್ತಿನಲ್ಲಿ ಅದು ಬರುತ್ತದೆ, ಓದಲ್ಪಡುತ್ತದೆ, ಹೋಗುತ್ತದೆ. ನೋಖೆಮ್ ಟೋಪಿ ಹಾಕಿಕೊಂಡು, ಯಾರೋ ಕೊಟ್ಟ ಪ್ರಾರ್ಥನೆಯ ಶಾಲು ಹೊದ್ದು, ತನ್ನ ಹೆಸರಿನ ಕೂಗಿಗೆ ಕಾದು ನಿಂತಿದ್ದ.

ಗಂಡಸರ ಬಾಗಿಲು ತೆರೆಯಿತು. ಗಿಡ್ಡಗಾಲಿನ ಸದ್ದು ಹಲಗೆಯ ನೆಲದ ಮೇಲೆ ನಡೆದು ಬಂತು. ಗಂಡಸರು ಶಾಲುಗಳನ್ನು ಎಳೆದುಕೊಂಡು ಸರಿದರು. ಹಾಗೆ ಸರಿದುದರಿಂದಲೇ ದಾರಿಯಾಯಿತು. ಹೋದೆಸ್ ಮೇಜಿನವರೆಗೆ ಬಂದು, ಸುರುಳಿಯನ್ನು ಮುಟ್ಟದೆ, ಅದರ ಪಕ್ಕದ ಹಲಗೆಗೆ ತನ್ನ ಸುಲಿದ ಕೈಯಿಂದ ಬಡಿದಳು.

"ಓದಬೇಡಿ."

"ಹೊರಗೆ ತಳ್ಳಿ ಅದನ್ನ!" ಎಂದ ಫಾಯ್ವಿಷ್. "ಕಾಲರಾ ಒಳಗೇ ಬಂದ್ಬಿಡ್ತಲ್ಲಪ್ಪ!"

ಯಾರೋ ನಕ್ಕರು. ಮೇಲಿನಿಂದ ಒಬ್ಬಳು, "ನಾಚಿಕೆಗೆಟ್ಟವಳೇ, ಗಂಡಸರ ಮಧ್ಯೆ ಏನೇ ನಿಂದು?" ಎಂದು ಕೂಗಿದಳು. ಇನ್ನೊಂದು ದನಿ, ಯಾರದೆಂದು ತಿಳಿಯದ್ದು, "ಮಾತಾಡೇ ಹೋದೆಸ್, ಬಿಡಬೇಡ!" ಎಂದಿತು.

"ನನಗೆ ಅನ್ಯಾಯ ಆಗ್ತಿದೆ. ನ್ಯಾಯ ಕೇಳೋವರೆಗೂ ಈ ಸುರುಳಿ ಓದೋ ಹಾಗಿಲ್ಲ. ಇದು ನನ್ನ ಹಕ್ಕು. ನಾನು ಮಂಗಳವಾರದ ಮದುವೆಗೆ ಒಪ್ಪಿಲ್ಲ. ಒಪ್ಪದೋಳಿಗೆ ಮದುವೆ ಇಲ್ಲ. ಹೇಳಿ ರಬ್ಬಿಗಳೇ, ನಿನ್ನೆ ನನಗೆ ಹೇಳಿದ್ದನ್ನ ಇವರಿಗೂ ಹೇಳಿ."

ಎಲ್ಲ ಶಾಲುಗಳೂ ಪೂರ್ವಕ್ಕೆ ತಿರುಗಿದವು. ರಬ್ಬಿಗಳು ಎದ್ದು ನಿಂತರು. "ಶಾಸ್ತ್ರ ಹಾಗೇ ಹೇಳುತ್ತೆ," ಎಂದರು. ದನಿ ಮೊದಲ ಸಾಲು ದಾಟಲಿಲ್ಲ.

ಊರ ಹಿರಿಯ ರೆಬ್ ಗೆಟ್ಸೆಲ್ ತನ್ನದನ್ನು ದಾಟಿಸಿದ. ಅವನೂ ಓದಿಕೊಂಡವನು. "ಶಾಸ್ತ್ರ ಇನ್ನೊಂದೂ ಹೇಳುತ್ತೆ ರಬ್ಬಿಗಳೇ. ಪ್ರಾಣ ಉಳಿಸೋಕೆ ಸಬ್ಬತ್ತನ್ನೇ ಮುರೀಬಹುದು ಅಂತ. ಒಬ್ಬ ಕುಂಟಿಯ ಮನಸ್ಸು ಸಬ್ಬತ್ತಿಗಿಂತ ದೊಡ್ಡದಾ? ಅವಳಿಗೆ ನಾವು ವಿಷ ಕೊಡ್ತಿದೀವಾ? ಗಂಡನ್ನ ಕೊಡ್ತಿದೀವಿ. ಊರೆಲ್ಲ ಒಂದಾಗಬೇಕಾದ ಹೊತ್ತು ಇದು."

"ಒಂದಾಗೋಕೆ ನನ್ನ ಬೆನ್ನೇ ಬೇಕಾ ಯಜಮಾನ್ರೇ? ಹಿಂದಿನ ಸಲ ನಮ್ಮಮ್ಮನ ಬೆನ್ನ ಮೇಲೆ ಒಂದಾದ್ರಿ. ಆಮೇಲೆ ಅವಳೊಬ್ಬಳನ್ನೇ ಬಿಟ್ಟು ಎಲ್ಲ ಒಂದಾಗಿ ಉಳಕೊಂಡ್ರಿ." ಅವಳು ಕೈಗಳನ್ನು ಮೇಲೆತ್ತಿದಳು. "ಇದನ್ನ ನೋಡಿ. ಈ ಊರಲ್ಲಿ ಸತ್ತ ಪ್ರತಿಯೊಬ್ಬರ ಹಾಸಿಗೆನೂ ಒಗೆದ ಕೈ ಇದು. ದೊಡ್ಡೋರ ಹೊಲಸು ಬೇರೆ ಬಣ್ಣ ಇರಲ್ಲ. ಕಾಲರಾಗೆ ಅಷ್ಟು ನ್ಯಾಯ ಗೊತ್ತು. ನಿಮಗೆ ಗೊತ್ತಿಲ್ಲ. ಗೋರಿ ಮಧ್ಯೆ ಮದುವೆ ಅಂದ್ರೆ ದೇವರಿಗೆ ಅಷ್ಟು ಇಷ್ಟನಾ? ನಿಮ್ಮ ಎಸ್ತೆರ್ಕೆಗೆ ಗಂಡು ಗೊತ್ತಾಗಿದೆಯಲ್ಲ. ಆ ಚಪ್ಪರನೇ ಅಲ್ಲಿ ಹಾಕಿಸಿ. ಆಗ ನಾನೂ ಬಂದು ಕುಣೀತೀನಿ, ಈ ಕಾಲಲ್ಲೇ."

ಜಾಲಂಧ್ರದ ಹಿಂದೆ ಗೆಟ್ಸೆಲ್‌ನ ಹೆಂಡತಿ ಪೆಸ್ಸೆ ಕಿಟಾರನೆ ಕಿರುಚಿದಳು. ಗೆಟ್ಸೆಲ್ ಮಾತ್ರ ಕಿರುಚಲಿಲ್ಲ. ಶಾಲನ್ನು ನಿಧಾನವಾಗಿ ಹೆಗಲಿಗೇರಿಸಿಕೊಂಡ.

"ಅವಳ ಹಕ್ಕು ಅವಳಿಗಿರಲಿ. ಇಲ್ಲಿ ಓದೋದು ಬೇಡ. ನಮ್ಮನೇಲಿ ಒಂದು ಸುರುಳಿ ಇದೆ. ಬರೋರು ಬನ್ನಿ."

ಹೋದೆಸ್ ಇದನ್ನು ಊಹಿಸಿರಲಿಲ್ಲ. ಹೊಡೆಯುತ್ತಾರೆ, ಎಳೆದುಹಾಕುತ್ತಾರೆ, ಇಲ್ಲವೇ ಕೇಳುತ್ತಾರೆ ಎಂದುಕೊಂಡಿದ್ದಳು. ತನ್ನನ್ನು ಧರ್ಮದ ಜೊತೆಗೆ ಒಂದು ಕಟ್ಟಡದೊಳಗೆ ಬಿಟ್ಟು, ಧರ್ಮವನ್ನು ಇನ್ನೊಂದು ಮನೆಯಲ್ಲಿ ನಡೆಸಿಕೊಳ್ಳಬಹುದೆಂದು ಅವಳಿಗೆ ಹೊಳೆದಿರಲಿಲ್ಲ. ಪೂರ್ವದ ಗೋಡೆ ಮೊದಲು ಖಾಲಿಯಾಯಿತು. ಆಮೇಲೆ ಅಂಗಡಿಯವರು. ಗೆಟ್ಸೆಲ್ ರಬ್ಬಿಗಳ ಮೊಣಕೈ ಹಿಡಿದುಕೊಂಡ. ಬಾಗಿಲಲ್ಲಿ ಮುದುಕರು ಒಂದು ಸಲ ಹಿಂದಿರುಗಿ ನೋಡಿದರು. ಹೋದರು.

ಒಲೆಯ ಹಿಂದಿದ್ದ ಕೆಲವರು ಕದಲಲಿಲ್ಲ.

"ನಾವೇ ಓದೋಣ," ಎಂದ ಮುದಿ ಹಮಾಲಿ ಶ್ಮರ್ಲ್. "ಹುಡುಗಿ ನ್ಯಾಯ ಕೇಳಿದಾಳೆ. ನಾವು ಕೇಳಿದೀವಿ. ಸರಿ ಅಂತ ಹೇಳ್ತೀವಿ. ಸುರುಳಿ ಇದೆ. ಲೇಬುಶ್ ದರ್ಜಿಗೆ ಓದೋಕೆ ಬರುತ್ತೆ. ಹತ್ತು ಗಂಡಸರಿದ್ದರೆ ಸಾಕು."

ಮನುಷ್ಯರನ್ನು ಒಂದು ಎರಡು ಎಂದು ಎಣಿಸುವುದು ಅಲ್ಲಿ ನಿಷಿದ್ಧ. ನಿನ್ನ ಜನರನ್ನು ಕಾಯಿ, ಹೆಗಲ ಮೇಲೆ ಹೊತ್ತುಕೋ ಎಂದು ದೇವರನ್ನು ಬೇಡುವ ಹತ್ತು ಪದಗಳ ಒಂದು ಪ್ರಾರ್ಥನೆಯಿದೆ. ಅದನ್ನೇ ಎಣಿಕೆಗೆ ಬಳಸುತ್ತಾರೆ, ಒಬ್ಬೊಬ್ಬನಿಗೆ ಒಂದೊಂದು ಪದ. ಶ್ಮರ್ಲ್ ತನ್ನ ಎದೆ ಮುಟ್ಟಿಕೊಂಡು ಮೊದಲ ಪದ ಹೇಳಿದ. ದರ್ಜಿಯ ಮೇಲೆ ಎರಡನೆಯದು. ಹೀಗೆ ಪದಗಳು ಹಮಾಲಿಗಳನ್ನೂ ತಿರುಕರನ್ನೂ ಮುಟ್ಟುತ್ತ ಹೋಗಿ, ಒಂಬತ್ತನೆಯದು ಛತ್ರದ ಕುರುಡನ ಹೆಗಲ ಮೇಲೆ ಬಿತ್ತು. ಕೊನೆಯ ಪದಕ್ಕೆ 'ಎಂದೆಂದಿಗೂ' ಎಂದರ್ಥ. ಅದು ಶ್ಮರ್ಲ್‌ನ ಬಾಯಲ್ಲೇ ಉಳಿಯಿತು. ಅವನ ಕೈ ಹೋದೆಸಳ ಮುಂದೆ ಗಾಳಿಯಲ್ಲಿ ನಿಂತು, ಹಿಂದಕ್ಕೆ ಹೋಯಿತು. ಹೆಣ್ಣು ಎಣಿಕೆಗಿಲ್ಲ.

ಆಗ ಎಲ್ಲರೂ ಬಾಗಿಲ ಕಡೆ ನೋಡಿದರು. ನೋಖೆಮ್ ಇನ್ನೂ ಹೊಸ್ತಿಲಲ್ಲಿದ್ದ.

"ಬಾರೋ ನೋಖೆಮ್," ಎಂದ ಶ್ಮರ್ಲ್. "ನಿನ್ನೊಬ್ಬನ ಕೊರತೆ."

ಹೊರಗಿನಿಂದ ಫಾಯ್ವಿಷ್‌ನ ಕೈ ಅವನ ತೋಳಿಗೆ ಬಂತು. "ಮದುಮಗನೇ, ಅಲ್ಲಿ ನಿನ್ನ ಹೆಸರು ಕೂಗಬೇಕು, ಎಲ್ಲ ಕಾಯ್ತಿದಾರೆ. ಇವತ್ತು ನಿನಗೆ ಪೂರ್ವದ ಕಡೆ ಜಾಗ."

ನೋಖೆಮ್ ಹೋದೆಸಳನ್ನು ನೋಡಿದ. ಅವಳು ಕರೆಯಲಿಲ್ಲ. ಕರೆದರೆ ಬರುತ್ತಿದ್ದನೇನೋ. ಅವನ ಬದುಕಿನಲ್ಲಿ ಅವನದೆಂಬುದು ಆ ಒಂದು ಕೂಗು ಮಾತ್ರ ಎಂದು ಅವಳಿಗೆ ಗೊತ್ತಿತ್ತು. ಅವನು ಹೋದ.

ಒಂಬತ್ತು ಜನ ಓದುವಂತಿಲ್ಲ. ಓದದ ಸುರುಳಿಯ ಸುತ್ತ ಅವರು ನಿಂತೇ ಇದ್ದರು, ಮನೆಯಲ್ಲಿ ಹೆಣವಿಟ್ಟುಕೊಂಡವರ ಹಾಗೆ. ಚೌಕದ ಆಚೆ ಗೆಟ್ಸೆಲ್‌ನ ಮನೆಯ ಕಿಟಕಿಗಳು ತೆರೆದಿದ್ದವು. ನ್ಯಾಯದ ಪಾಠ ರಾಗವಾಗಿ ಕೇಳಿಬಂತು. ಬಳಿಕ, "ಅಬ್ರಹಾಮನ ಮಗ ನೋಖೆಮ್ ಎದ್ದು ಬರಲಿ!" ಎಂಬ ಕೂಗು. ಮದುಮಗನ ಮೇಲೆ ಎರಚಿದ ಬಾದಾಮಿ ನೆಲಕ್ಕುದುರಿದ ಸದ್ದು. ನಗೆ.

"ಮುಚ್ಚಿಡಿ," ಎಂದಳು ಹೋದೆಸ್. ಶ್ಮರ್ಲ್ ಸುರುಳಿಗೆ ಹೊದಿಕೆ ಹಾಕಿದ.

ಭಾನುವಾರ ಯಾರೂ ಬರಲಿಲ್ಲ. ಸೋಮವಾರವೂ ಬರಲಿಲ್ಲ. ಕೈಬಿಟ್ಟರೆಂದು ಹೋದೆಸ್ ಅಂದುಕೊಂಡಳು. ಮಂಗಳವಾರ ಒಬ್ಬಳೇ ನದಿಗಿಳಿಯಬಹುದೆಂದು ಅವಳ ಮನಸ್ಸಿಗೆ ತೋಚಿದ್ದು ಅದೇ ನೆಮ್ಮದಿಯಿಂದ. ಬಾಶ್ಕೆಗೆ ಸ್ವಲ್ಪ ಕೆಮ್ಮಿತ್ತು, ಮಲಗಲೆಂದು ಬಿಟ್ಟಳು. ಇಳಿಹೊತ್ತಿಗೆ ಹಿಂದಿರುಗಿದಾಗ ಹುಲ್ಲಿನ ಹಾಸು ಬರಿದಾಗಿತ್ತು. ಪೊದೆಯಿಂದ ಬಾಶ್ಕೆ ಎತ್ತಿತಂದು ಮೂಲೆಗಿಟ್ಟಿದ್ದ ಬಿಳಿಯ ಉಡುಪೂ ಇರಲಿಲ್ಲ.

ಮೂಲೆಯಲ್ಲಿದ್ದ ಮುದಿ ತಿರುಕಿ ತಲೆಯೆತ್ತದೆ ಹೇಳಿದಳು: "ನೀನು ಒಲ್ಲೆ ಅಂದೆಯಲ್ಲ. ಒಲ್ಲೆ ಅನ್ನೋಕೆ ಬಾಯಿಲ್ಲದವಳನ್ನ ಕರ್ಕೊಂಡ್ಹೋದ್ರು."

ಸ್ಮಶಾನದಲ್ಲಿ ಪಿಟೀಲು, ಡೋಲು. ಕಲ್ಲುಗಳ ನಡುವೆ ನಾಲ್ಕು ಗಳಗಳ ಮೇಲೆ ಚಪ್ಪರ. ಒಂದು ಗಳವನ್ನು ಶ್ಮರ್ಲ್ ಹಿಡಿದಿದ್ದ. ನಿನ್ನೆ ಸಂಜೆಯಿಂದ ಅವನ ಮಗ ವಾಂತಿ ಮಾಡಿಕೊಳ್ಳುತ್ತಿದ್ದ. ಶನಿವಾರ ಉಳಿದಿದ್ದ ಒಂಬತ್ತು ಮಂದಿಯಲ್ಲಿ ಯಾರೂ ಇವತ್ತು ಮನೆಯಲ್ಲಿ ಉಳಿದಿರಲಿಲ್ಲ. ಭಯಕ್ಕೆ ಒಲೆಯ ಮುಂದು ಹಿಂದಿಲ್ಲ.

ಚಪ್ಪರದಡಿ ಬಾಶ್ಕೆ. ಮೈಗೆ ದೊಡ್ಡದಾದ ಉಡುಪು. ಕೈಯಲ್ಲಿ ಸಕ್ಕರೆ ಹಾಕಿದ ಬನ್ನು. ಸುತ್ತ ಹೆಂಗಸರು ಮುಗಿಬಿದ್ದು ಅವಳ ಕಿವಿಗೆ ತಂತಮ್ಮ ಮನೆಯ ರೋಗಿಗಳ ಹೆಸರು ಕೂಗುತ್ತಿದ್ದರು. ಮದುವೆಯ ದಿನ ಮದುಮಗಳ ಪ್ರಾರ್ಥನೆ ನೇರ ದೇವರ ಸಿಂಹಾಸನಕ್ಕೆ ಮುಟ್ಟುತ್ತದೆಂದು ನಂಬಿಕೆ. ಬಾಶ್ಕೆಗೆ ಅದು ಗೊತ್ತಿಲ್ಲ. ಕಿವಿ ಮುಚ್ಚಿಕೊಂಡು ನಡುಗುತ್ತಿದ್ದಳು. ಹೋದೆಸಳನ್ನು ಕಂಡು ಅವಳ ಗಂಟಲಿನಿಂದ ಒಂದು ಸದ್ದು ಬಂತು.

"ಬಿಡಿ ಅವಳನ್ನ," ಎಂದಳು ಹೋದೆಸ್.

ಗೆಟ್ಸೆಲ್‌ನ ಕಣ್ಣುಗಳು ಗುಳಿಬಿದ್ದಿದ್ದವು. "ಇಬ್ಬರಲ್ಲಿ ಒಬ್ಬಳು. ಹೊತ್ತು ಮುಳುಗೋದ್ರೊಳಗೆ. ನೀನೇ ಹೇಳು."

ನೋಖೆಮ್ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ತುಟಿ ಒಡೆದಿತ್ತು. "ಈ ಮಗೂಗೆ ಉಂಗುರ ಹಾಕಲ್ಲ ಅಂದೆ," ಎಂದ. "ಹೊಡೆದ್ರು."

"ಶನಿವಾರ ಅಂದಿದ್ರೆ ಹತ್ತು ಜನ ಆಗ್ತಿದ್ವಲ್ಲೋ," ಎಂದಳು ಹೋದೆಸ್. ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಅಳತೊಡಗಿದ.

ಅವಳು ಬಾಶ್ಕೆಯ ಬೆನ್ನಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಉಡುಪನ್ನು ತನ್ನ ಒದ್ದೆ ಲಂಗದ ಮೇಲೆಯೇ ತೊಟ್ಟಳು. ಗೋರಿಯೊಂದರ ಅಂಚಿನ ಮೇಲೆ ಎಡಗಾಲಿಟ್ಟು ನೆಟ್ಟಗೆ ನಿಂತಳು.

ರಬ್ಬಿಗಳು ಕೇಳಲೇಬೇಕಾದುದನ್ನು ಕೇಳಿದರು. ಈ ಸಲ ದನಿ ಬೇಲಿಯವರೆಗೂ ಮುಟ್ಟಿತು. "ಮಗಳೇ, ಮನಸಾರೆ ಒಪ್ಪಿದೀಯಾ?"

"ಒಪ್ಪಿದೀನಿ."

ಶಾಸ್ತ್ರದಲ್ಲಿ ಒಂದು ಲೋಪವೂ ಉಳಿಯಲಿಲ್ಲ. ಉಂಗುರ ಸುಲಿದ ಬೆರಳಿಗೆ ಅಂಟಿಕೊಂಡು ಇಳಿಯಿತು. ನೋಯದಿರಲೆಂದು ನೋಖೆಮ್ ಉಸಿರು ಬಿಗಿಹಿಡಿದು, ನೀರು ತುಳುಕದಂತೆ ಬಕೆಟ್ಟು ಇಳಿಸುವವನ ಹಾಗೆ ಇಳಿಸಿದ. ಮದುಮಗನ ತುಳಿತಕ್ಕೆ ಶಾಸ್ತ್ರದ ಗಾಜಿನ ಲೋಟ ಒಡೆಯಿತು. ಊರು ಕೇಕೆ ಹಾಕಿತು.

ಜನರನ್ನು ತಳ್ಳಿಕೊಂಡು ಪೆಸ್ಸೆ ಬಂದಳು. ತಲೆವಸ್ತ್ರ ಜಾರಿತ್ತು. "ಹೋದೆಸ್, ನಮ್ಮ ಎಸ್ತೆರ್ಕೆ... ಮಧ್ಯಾಹ್ನದಿಂದ ಹೊಟ್ಟೇಲಿ ನೀರು ನಿಲ್ತಿಲ್ಲ. ಕೈಕಾಲು ತಣ್ಣಗಾಗಿದೆ. ಪ್ರಾರ್ಥಿಸಮ್ಮಾ. ನಿನ್ನ ಮಾತು ಇವತ್ತು ಕೇಳಿಸುತ್ತೆ." ಅವಳು ಪ್ರಾರ್ಥನೆಯ ಪುಸ್ತಕ ತೆರೆದು ಮದುಮಗಳ ಕೈಗಿಟ್ಟಳು.

ಪಿಟೀಲು ನಿಂತಿತು. ಇಡೀ ಊರು ಒಂದೇ ಬಾಯನ್ನು ನೋಡುತ್ತ ನಿಂತಿತು. ಹುಟ್ಟಿದಂದಿನಿಂದ ಆ ಬಾಯನ್ನು ಯಾರೂ ಹಾಗೆ ನೋಡಿರಲಿಲ್ಲ.

ಹೋದೆಸಳಿಗೆ ದೇವರಲ್ಲಿ ನಂಬಿಕೆಯಿತ್ತು. ಕೇಳಿದರೆ ಕೇಳಿಸಿಕೊಳ್ಳುತ್ತಾನೆಂಬುದರಲ್ಲೂ ಅನುಮಾನವಿರಲಿಲ್ಲ. ಅದಕ್ಕಾಗಿಯೇ ಅವಳು ಪುಸ್ತಕ ಮುಚ್ಚಿದಳು.

"ಮದುವೆಗೆ ಒಪ್ಪಿದೀನಿ. ಇದಕ್ಕೆ ಒಪ್ಪಿಲ್ಲ."

"ಹೋದೆಸ್!" ಎಂದರು ರಬ್ಬಿಗಳು.

"ಶನಿವಾರ ನಾನು ಕೇಳ್ದೆ. ನೀವು ಬೇರೆ ಮನೆಗೆ ಹೋಗಿ ಓದ್ಕೊಂಡ್ರಿ. ಇವತ್ತೂ ಬೇರೆ ಮನೆಗೆ ಹೋಗಿ ಕೇಳ್ಕೊಳ್ಳಿ."

ಗೆಟ್ಸೆಲ್ ಮುಂದೆ ಬಂದ. ಮರದ ದಿಮ್ಮಿಯಂಥ ಮನುಷ್ಯ, ಮಂಡಿ ಮಡಿಸಲು ಬಾರದವನು, ಅರ್ಧ ಮಡಿಸಿದ. "ತಾಯಿ," ಎಂದ. "ಶಾಪ ಹಾಕಬೇಡ."

"ಶಾಪ ಹಾಕ್ತಿಲ್ಲ. ಏನೂ ಹೇಳ್ತಿಲ್ಲ."

ಮತ್ತೆ ಅವಳು ಬಾಯಿ ತೆರೆಯಲಿಲ್ಲ. ಪೆಸ್ಸೆ ಅವಳ ಭುಜ ಹಿಡಿದು ಅಲುಗಿಸಿದಳು. ಯಾರೋ ಕಲ್ಲೆತ್ತಿಕೊಂಡರು, ಮದುಮಗಳೆಂದು ನೆನಪಾಗಿ ಕೆಳಗಿಟ್ಟರು. ನಾಳೆಗೆ ಆ ನೆನಪಿರುವುದಿಲ್ಲವೆಂದು ಹೋದೆಸಳಿಗೆ ತಿಳಿದಿತ್ತು. ಮೌನ ತಡೆಯಲಾರದೆ ಫಾಯ್ವಿಷ್ ಡೋಲಿನವನಿಗೆ ಕೈ ಬೀಸಿದ. ಡೋಲು ಬಡಿಯಿತು. ಮೊದಲು ಅಂಗಡಿಯವರು, ಆಮೇಲೆ ದರ್ಜಿಗಳು, ಹಮಾಲಿಗಳು, ಕೈ ಕೈ ಹಿಡಿದು ಗೋರಿಗಳ ಸುತ್ತ ಕುಣಿಯತೊಡಗಿದರು. ಅಳುತ್ತಲೇ ಕುಣಿದರು. ಊರು ಒಂದಾಗಿತ್ತು.

ಬಾಶ್ಕೆ ಬನ್ನಿನ ಉಳಿದ ತುಂಡನ್ನು ಹೋದೆಸಳ ಕೈಗೆ ತುರುಕಿದಳು. ಧೂಳೆದ್ದಿತು. ಧೂಳಿನ ಆಚೆ, ಚೌಕದ ಬಳಿ, ಗೆಟ್ಸೆಲ್‌ನ ದೊಡ್ಡ ಮನೆಯಲ್ಲಿ ದೀಪ ಹಚ್ಚಿದರು. ಎಸ್ತೆರ್ಕೆಯ ಹಾಸಿಗೆ ಬೆಳಗಾಗುವುದರೊಳಗೆ ನದಿಗೆ ಬರುತ್ತದೆ. ಮೂರು ಕುದಿ ಬೇಕು. ಬೂದಿ ಸಾಲದು ಎಂದು ಅವಳಿಗೆ ನೆನಪಾಯಿತು.